ಅಕ್ಕ ಒದ್ದ ಮಂಡಿ

ಮೊದಲು ಸದ್ದು ಕೇಳಿಸಿತು. ನೋವು ಆಮೇಲೆ ಬಂತು.

ಕೈವಾರದಲ್ಲಿ ಕಬಡ್ಡಿ ಪಂದ್ಯ. ನಾನು ರೈಡ್ ಹೋಗಿದ್ದೆ. ಹಿಂದಿರುಗುವಾಗ ಒಬ್ಬ ಕಾಲು ಹಿಡಿದ, ಮಿಕ್ಕವರು ಮೈಮೇಲೆ ಬಿದ್ದರು. ಬಲಗಾಲ ಮಂಡಿ ಹೋಗಬಾರದ ಕಡೆಗೆ ತಿರುಗಿತು. ಬಿದ್ದಲ್ಲಿಂದಲೇ ತೆವಳಿ ಗೆರೆ ಮುಟ್ಟಿದೆ. ಬುದ್ಧಿ ಇದ್ದವನಾಗಿದ್ದರೆ ಸೀದಾ ಆಸ್ಪತ್ರೆಗೆ ಹೋಗುತ್ತಿದ್ದೆ. ನಾನು ಪಾಯಿಂಟು ಸಿಕ್ಕಿದ ಖುಷಿಯಲ್ಲಿ ಗೆಳೆಯನ ಬೈಕು ಹತ್ತಿ ಚಿಂತಾಮಣಿಯ ಮನೆಗೆ ಬಂದೆ.

ಬೆಳಿಗ್ಗೆ ಎದ್ದರೆ ಮಂಡಿ ಕುಂಬಳಕಾಯಿಯಾಗಿತ್ತು. ಮಡಚಲೂ ಆಗದು, ನೀಡಲೂ ಆಗದು. ನಾನು ಲೈನ್‌ಮನ್. ಕರೆಂಟು ಕಂಬ ಹತ್ತುವುದು ನನ್ನ ಕೆಲಸ, ನನಗೆ ಚೆನ್ನಾಗಿ ಬರುವುದೂ ಅದೊಂದೇ. ಮಂಡಿ ಮಡಚದೆ ಕಂಬ ಹತ್ತಿದವರನ್ನು ನಾನು ಕಂಡಿಲ್ಲ.

ವೈದ್ಯರು ಮನೆಯಲ್ಲೇ ಇದ್ದರು, ನಮ್ಮಕ್ಕ. ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದುಕೊಂಡವರು ಮುರುಗಮಲ್ಲದಿಂದಲೂ ಬಸ್ಸಿನಲ್ಲಿ ಬರುತ್ತಿದ್ದರು. ಅಕ್ಕ ಅವರನ್ನು ಹೊಸಿಲ ಬಳಿ ನಿಲ್ಲಿಸಿ, ಬೆನ್ನಿಗೆ ಪಾದ ತಾಗಿಸಿ, ಮೆಲ್ಲಗೆ ಮೂರು ಸಲ ಒದ್ದು ಕಳಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳಿಗೆ ಬೀದಿಯಲ್ಲಿ ಮರ್ಯಾದೆ ತಂದುಕೊಟ್ಟದ್ದು ಆ ಕಾಲೇ.

ಮಂಡಿಗೆ ಅವಳು ಎಂದೂ ಒದ್ದವಳಲ್ಲ. ಹಿಂಜರಿದಳು. ಅಮ್ಮ ಬಿಡಲಿಲ್ಲ. ಜೋರಾಗಿ ಒದ್ದರೆ ತಾನೇ ಮೂಳೆ ಜಾಗಕ್ಕೆ ಕೂರುವುದು ಎಂದು ಪಕ್ಕದ ಮನೆಯ ಅಜ್ಜಿ ತೆಲುಗಿನಲ್ಲಿ ಹುರಿದುಂಬಿಸಿದರು. ನಾನೂ ಹೂಂ ಅಂದು ಗೋಡೆಗೆ ಒರಗಿ ಆದಷ್ಟು ಕಾಲು ಚಾಚಿದೆ.

ಅಕ್ಕ ಒದ್ದಳು.

ಒಳಗೆ ಏನೋ ಕಳಚಿಕೊಂಡು ಜಾರಿತು. ನಾನು ಚೀರಿದ ರಭಸಕ್ಕೆ ಅಜ್ಜಿ ಬಂದ ದಾರಿಯಲ್ಲೇ ಮಾಯವಾದರು.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿದೆ, ಬೋರ್ಡುಗಳೂ ಬದಲಾಗಿವೆ. ಎಂಆರ್‌ಐಗೆ ಮಾತ್ರ ನಾವು ಬೆಂಗಳೂರಿಗೇ ಹೋದೆವು. ತೊಡೆಮೂಳೆಯ ತುದಿಗೆ ಹೊದಿಸಿದಂತಿರುವ ಕಾರ್ಟಿಲೇಜ್ ಒಂದು ಕಡೆ ಎದ್ದುಹೋಗಿ ಗುಂಡಿ ಬಿದ್ದಿದೆ, ಚೂರು ಕೀಲಿನೊಳಗೆ ಸಿಕ್ಕಿಕೊಂಡಿದೆ ಎಂದು ಡಾಕ್ಟರು ಫಿಲ್ಮ್ ತೋರಿಸಿದರು. ಆಟದಲ್ಲಿ ಬಿರುಕು ಬಿಟ್ಟಿರಬೇಕು, ಆಮೇಲೆ ಮತ್ತೇನಾದರೂ ಪೆಟ್ಟು ಬಿತ್ತೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಉತ್ತರ ಬಂತು.

"ನಾನೇ ಒದ್ದೆ ಸಾರ್."

ಡಾಕ್ಟರು ಬೈಯಲಿಲ್ಲ. ಬೈದದ್ದು ನಾನು. ಕಾರಿಡಾರಿನಲ್ಲಿ, ಅಷ್ಟು ಜನರ ಎದುರಿಗೆ, ನಿನ್ನ ಕಾಲು ಸೇದಿಹೋಗಲಿ ಎಂದು ಶಾಪ ಹಾಕಿದೆ. ಅವಳು ಫಿಲ್ಮಿನ ಕವರನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಭಾರ ಬೀಳದ ಕಡೆಯಿಂದ, ನನ್ನ ಮಂಡಿಯಿಂದಲೇ, ಕಾರ್ಟಿಲೇಜ್ ಸಮೇತ ಮೂಳೆಯ ಸಣ್ಣ ಸಣ್ಣ ಬಿರಡೆಗಳನ್ನು ಕೊರೆದು ತೆಗೆಯುವುದು. ಅವನ್ನು ಗುಂಡಿಯಲ್ಲಿ ಒತ್ತೊತ್ತಾಗಿ ಕೂರಿಸುವುದು. ಇದು ಆಪರೇಷನ್. ಸ್ಪೈನಲ್ ಅನಸ್ತೇಶಿಯಾ ಕೊಟ್ಟಿದ್ದರಿಂದ ನನಗೆ ಪೂರ್ತಿ ಎಚ್ಚರವಿತ್ತು. ಮೊದಲು ಡ್ರಿಲ್ಲಿನ ಸದ್ದು. ಆಮೇಲೆ ಸುತ್ತಿಗೆ. ನೋವೇನೂ ಇಲ್ಲ, ಆದರೆ ಪ್ರತಿ ಏಟಿಗೂ ಮೈ ಟೇಬಲ್ಲಿನ ಮೇಲೆ ಜರುಗುತ್ತಿತ್ತು, ಹಲ್ಲಿಗೆ ಹಲ್ಲು ತಾಗುತ್ತಿತ್ತು. ಹಸಿರು ಪರದೆಯಾಚೆ ನನ್ನ ಮೂಳೆಯನ್ನು ನನ್ನ ಮೂಳೆಗೇ ಬಡಿಯುತ್ತಿದ್ದಾರೆ ಎಂದು ಗೊತ್ತಿದ್ದೂ ಮಲಗಿರುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಸುಸ್ತಾದವರು ಒಬ್ಬರು ಸುತ್ತಿಗೆಯನ್ನು ಇನ್ನೊಬ್ಬರಿಗೆ ಕೊಟ್ಟದ್ದೂ ಕೇಳಿಸಿತು.

ಮನೆಗೆ ಬಂದ ಮೇಲೆ ವಾರಗಟ್ಟಲೆ ಆ ಕಾಲು ನೆಲಕ್ಕೆ ಊರುವಂತಿರಲಿಲ್ಲ. ತೊಡೆ ಸೊರಗಿ ತೋಳಿನಷ್ಟಾಯಿತು. ದಿನಾ ಮಂಡಿ ಮಡಚಿಸಬೇಕು, ಇಲ್ಲದಿದ್ದರೆ ಕೀಲು ಹಾಗೇ ಅಂಟಿಕೊಳ್ಳುತ್ತದೆ ಎಂದು ಫಿಸಿಯೋಥೆರಪಿಯವರು ಅಕ್ಕನಿಗೆ ಕಲಿಸಿ ಕಳಿಸಿದ್ದರು. ಅವಳು ಹಿಮ್ಮಡಿ ಹಿಡಿದು ಒತ್ತುವಳು. ನಾನು ಟವೆಲ್ ಕಚ್ಚುವೆ, ಚಾಪೆ ಪರಚುವೆ, ಅವಳ ಕೂದಲಿಗೆ ಕೈ ಹಾಕುವೆ. ಆಪರೇಷನ್ನಿನಲ್ಲಿ ಇಲ್ಲದ ನೋವೆಲ್ಲ ಆಗ ಬಡ್ಡಿ ಸಮೇತ ಬಂತು. ಕೊನೆಗೊಂದು ದಿನ ವಾಕರ್ ಎತ್ತಿ ಗೋಡೆಗೆ ಬಿಸಾಡಿದೆ. ಸಾಕು, ಕುಂಟನಾಗಿಯೇ ಇರುತ್ತೇನೆ, ಆಫೀಸಿನಲ್ಲಿ ಕೂರುವ ಕೆಲಸ ಕೇಳುತ್ತೇನೆ ಎಂದೆ.

ಅಕ್ಕ ಕೆನ್ನೆಗೆ ಬಾರಿಸಿದಳು.

"ನೀನು ಕುಂಟಿದ್ರೆ ಜನ ನಿನ್ ಕಾಲು ನೋಡಲ್ಲ ಕಣೋ, ನನ್ ಕಾಲು ನೋಡ್ತಾರೆ. ಮಡಚು."

ಕೆನ್ನೆ ಉರಿಯುತ್ತಿತ್ತು. ಅಷ್ಟು ದಿನ ನೋವೆಲ್ಲ ನನ್ನೊಬ್ಬನ ಆಸ್ತಿ ಎಂದುಕೊಂಡು ಮಲಗಿದ್ದವನಿಗೆ, ಉಳುಕು ಎಂದು ನಮ್ಮ ಬಾಗಿಲಿಗೆ ಯಾರೂ ಬಾರದೆ ಎಷ್ಟು ಕಾಲವಾಯಿತು ಎಂಬುದು ಆಗ ಹೊಳೆಯಿತು. ಅಕ್ಕ ಬೀದಿ ನಲ್ಲಿಗೂ ಹೋಗುತ್ತಿರಲಿಲ್ಲ, ಅಮ್ಮನೇ ನೀರು ಹೊರುತ್ತಿದ್ದಳು. ನಾನು ಮತ್ತೆ ಟವೆಲ್ ಕಚ್ಚಿ ಕಾಲು ಕೊಟ್ಟೆ. ಅಕ್ಕ ಮೈಭಾರವನ್ನೆಲ್ಲ ಹಾಕಿದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ಸಡಿಲಲಿಲ್ಲ. ಒಳಗೆ ಗೋಣಿ ಹರಿದಂತಾಯಿತು. ಮಂಡಿ ಮಡಚಿತು.

ಕಬಡ್ಡಿ ಇನ್ನು ಜನ್ಮದಲ್ಲಿ ಇಲ್ಲ. ಸಂಜೆಯಾದರೆ ಮಂಡಿ ಊದುತ್ತದೆ, ಐಸ್ ಇಡುತ್ತೇನೆ. ಆ ಬಿರಡೆಗಳು ಎಷ್ಟು ವರ್ಷ ಬಾಳುತ್ತವೆಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಂಬ ಹತ್ತಲು ಒಪ್ಪಿದರು, ಅಷ್ಟು ಸಾಕು.

ಹೋದ ವಾರ ನಮ್ಮ ಬೀದಿಯ ಕಂಬವನ್ನೇ ಹತ್ತಿದೆ. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರೆಲ್ಲ ತಲೆ ಎತ್ತಿ ನೋಡಿದರು. ಅಕ್ಕ ನೋಡಲಿಲ್ಲ. ಅವಳು ತನ್ನ ಬಿಂದಿಗೆಯನ್ನು ಹಿಂದಕ್ಕೆ ಸರಿಸಿದವರ ಜೊತೆ ಜಗಳಕ್ಕೆ ನಿಂತಿದ್ದಳು, ಆ ದನಿ ಕಂಬದ ತುದಿಯವರೆಗೂ ಕೇಳಿಸುತ್ತಿತ್ತು.