ದೋಸೆಹಿಟ್ಟಿಗೆ ಸಿಕ್ಕ ಲೈಸೆನ್ಸು

ದೋಸೆಹಿಟ್ಟು ರುಬ್ಬಿ ಮಾರೋಣ ಅಂತ ಪೀಣ್ಯದಲ್ಲಿ ಒಂದು ಶೆಡ್ ಹಿಡಿದಿದ್ದೆ. ಪಕ್ಕದ ಕಾರ್ಖಾನೆಯ ಕ್ಯಾಂಟೀನಿನವರು ಸೋಮವಾರದಿಂದಲೇ ಹಿಟ್ಟು ಬೇಕು, ಆದರೆ ಲೈಸೆನ್ಸ್ ತೋರಿಸಿ ಅಂದಿದ್ದರು. ಕಚೇರಿಗೆ ಹೋದರೆ ಗುಮಾಸ್ತರು ಕಂಪ್ಯೂಟರಿನಲ್ಲಿದ್ದ ಉದ್ಯಮಗಳ ಪಟ್ಟಿಯನ್ನು ಎರಡು ಸಲ ಹುಡುಕಿದರು.

"ದೋಸೆಹಿಟ್ಟು ಇದರಲ್ಲಿ ಇಲ್ಲ ಮೇಡಂ. ಯಾವುದರಲ್ಲಿ ರುಬ್ತೀರಾ?"

"ಗ್ರೈಂಡರ್‌ನಲ್ಲಿ ಸಾರ್. ಒಳಗೆ ಕಲ್ಲಿರತ್ತೆ."

"ಸ್ಟೋನ್ ಗ್ರೈಂಡಿಂಗ್ ಅಂತ ಒಂದಿದೆ. ಕಲ್ಲೂ ಬಂತು, ರುಬ್ಬೋದೂ ಬಂತು. ಅದನ್ನೇ ಹಾಕ್ಬಿಡ್ತೀನಿ."

ಬೇಡ ಅನ್ನೋಕೆ ಧೈರ್ಯ ಬರಲಿಲ್ಲ. ಹೀಗೆ ನಾನು ಸರ್ಕಾರದ ದಾಖಲೆಯಲ್ಲಿ ಜಲ್ಲಿ ಕ್ರಷರಿನ ಒಡತಿಯಾದೆ. ಕ್ಯಾಂಟೀನಿನವರು ಮೊಹರು ನೋಡಿದರು, ಬರಹ ಓದಲಿಲ್ಲ.

ತಿಂಗಳು ಕಳೆದ ಮೇಲೆ ಇನ್‌ಸ್ಪೆಕ್ಟರ್ ತಪಾಸಣೆಗೆ ಬಂದರು. ಧೂಳಿಗೆ ಹೆದರಿ ಮಾಸ್ಕ್ ಹಾಕಿಕೊಂಡೇ ಒಳಗೆ ಬಂದವರು, ಹಿಟ್ಟಿನ ಡ್ರಮ್ಮುಗಳನ್ನು ನೋಡಿ ನಿಧಾನವಾಗಿ ಮಾಸ್ಕ್ ತೆಗೆದರು. ನಾನು ನಡೆದದ್ದನ್ನೆಲ್ಲ ಹೇಳಿ, ಇದನ್ನು ತಿದ್ದಿಸೋದು ಹೇಗೆ ಅಂತ ಕೇಳಿದೆ.

"ತಿದ್ದೋಕೆ ಬರಲ್ಲ ಮೇಡಂ. ಇದನ್ನ ರದ್ದು ಮಾಡಿ ಹೊಸ ಅರ್ಜಿ ಹಾಕ್ಬೇಕು. ಅಲ್ಲೀವರೆಗೂ ಶೆಡ್ ಮುಚ್ಚಿರ್ಬೇಕು."

ನನ್ನ ಮುಖ ಬಾಡಿದ್ದು ಅವರಿಗೆ ಕಂಡಿರಬೇಕು. ಬ್ಯಾಗಿನಿಂದ ಫಾರಂ ತೆಗೆದು, 'ಧೂಳು ಏಳುತ್ತಿಲ್ಲ, ಸಾಕಷ್ಟು ನೀರು ಬಳಸುತ್ತಿದ್ದಾರೆ, ಸಿಡಿಮದ್ದು ಕಂಡುಬಂದಿಲ್ಲ' ಅಂತ ವರದಿ ಬರೆದು ಸಹಿ ಹಾಕಿದರು. ಒಂದಕ್ಷರವೂ ಸುಳ್ಳಿರಲಿಲ್ಲ.

ಇಷ್ಟು ಶಿಸ್ತಾಗಿ ನಡೆಯುವ ಕ್ರಷರ್ ಈ ಕಡೆ ಇನ್ನೊಂದು ಇರಲಿಕ್ಕಿಲ್ಲ.