ಏಳು ನಲವತ್ತರ ಬಸ್ಸು

ಬಸ್ ವೇಳಾಪಟ್ಟಿ ತೋರಿಸುವ ಆ್ಯಪ್ ಬರೆಯುವವರಿಗಾಗಿ ನಾನೊಂದು ಓಪನ್ ಸೋರ್ಸ್ ಲೈಬ್ರರಿ, ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಸಿದ್ಧ ಕೋಡ್, ಮಾಡಿದ್ದೇನೆ. ಅದನ್ನು ಬಳಸುವ ಬಗೆ ವಿವರಿಸುವ ಡಾಕ್ಯುಮೆಂಟೇಶನ್ ಆನ್‌ಲೈನಿನಲ್ಲಿದೆ. ಅದರಲ್ಲಿ ಉದಾಹರಣೆಗೆಂದು ‘ಚೇಳೂರು–ಗುಬ್ಬಿ, 7.40’ ಎಂದು ತೋಚಿದಂತೆ ಬರೆದಿದ್ದೆ.

ಮೊನ್ನೆ ತಂಗಿಯ ಮನೆಯಿಂದ ಹೊರಟು ಚೇಳೂರಿನ ಸ್ಟಾಪಿನಲ್ಲಿ ನಿಂತಾಗ, ಪಕ್ಕದ ಹೆಂಗಸು ಮೊಬೈಲಿನಲ್ಲಿ ಅದೇ ಪುಟ ತೋರಿಸಿದರು. “ಏಳು ನಲವತ್ತಕ್ಕೆ ಬಸ್ಸೈತೆ ಬುಡಿ ಸಾರ್. ಒಂಬತ್ತಕ್ಕೆ ಗುಬ್ಬೀಲಿ ನಂಗೆ ಇಂಟರ್‌ವ್ಯೂ.”

“ಅದು ಸುಮ್ನೆ ಉದಾಹರಣೆ ಅಮ್ಮ. ಆ ಬಸ್ಸೇ ಇಲ್ಲ. ಬರೆದೋನು ನಾನೇ.”

“ಅಯ್ಯೋ, ನೋಡಕ್ಕೆ ಓದಿದೋರ ತರ ಇದೀರ!” ಎಂದು ಆಕೆ ಶುರು ಮಾಡುವಷ್ಟರಲ್ಲಿ ಖಾಸಗಿ ಬಸ್ಸೊಂದು ಬಂದು ನಿಂತಿತು. ಸಮಯ ಸರಿಯಾಗಿ ಏಳು ನಲವತ್ತು.

ಹತ್ತಿ ಕಂಡಕ್ಟರನ್ನು ಕೇಳಿದೆ.

“ಮೊದ್ಲು ಎಂಟಕ್ಕೆ ಬರ್ತಿದ್ವಿ ಸಾರ್. ಜನ ಮೊಬೈಲ್ ನೋಡ್ಕೊಂಡು ಏಳು ನಲವತ್ತಕ್ಕೇ ನಿಂತಿರ್ತಾರೆ. ಬುಟ್ಟು ಹೋಗಕ್ಕಾಯ್ತದಾ?”

ನಗು ತಡೆಯಲಾಗದೆ ಕಿಟಕಿಯತ್ತ ಮುಖ ತಿರುಗಿಸಿದೆ. ಆಕೆ ಮುಂದಿನ ಸೀಟಿನಿಂದ ತಿರುಗಿ, “ವಾಪಸ್ ಬರಕ್ಕೆ ಐದೂವರೆಗೆ ಒಂದು ಬರೆದ್ಬುಡಿ ಸಾರ್,” ಅಂದರು.

ಗುಬ್ಬಿ ತಲುಪುವ ಮೊದಲೇ ಬರೆದು ಪ್ರಕಟಿಸಿದೆ. ಆಕೆಗೆ ಕೆಲಸ ಸಿಕ್ಕೇ ಸಿಗುತ್ತದೆ, ವಾರಕ್ಕೊಂದು ರಜೆಯೂ ಬೇಕಲ್ಲ ಎಂದು ‘ಭಾನುವಾರ ಇಲ್ಲ’ ಎಂದೂ ಸೇರಿಸಿದೆ.