ಗೋಡೆಯ ಮೇಲಿನ ಯಜಮಾನ

ನಮ್ಮಪ್ಪ ಸಾಯುವುದಕ್ಕೆ ಬಹಳ ಮುಂಚೆಯೇ ಚೆನ್ನೈನ ಎಷ್ಟೋ ಮನೆಗಳಲ್ಲಿ ಅವರನ್ನು ಸತ್ತವರೆಂದು ತಿಳಿದಿದ್ದರು.

ಅಪ್ಪ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ರಿಟೈರಾದವರು. ತಾತನ ಕಾಲಕ್ಕೇ ಮೈಸೂರು ಸೀಮೆ ಬಿಟ್ಟು ಬಂದ ಮನೆತನ. ಮನೆಯ ಮಾತು ಕನ್ನಡ, ಅದಕ್ಕೆ ತಮಿಳಿನ ಒಗ್ಗರಣೆ. ನನ್ನ ಮದುವೆ ಮುರಿದ ಮೇಲೆ ನಾನೂ ಆ ಎರಡು ಕೋಣೆಯ ಬಾಡಿಗೆ ಮನೆಗೆ ವಾಪಸು ಬಂದು, ಅಲ್ಲಿಂದಲೇ ಇನ್ಶೂರೆನ್ಸ್ ಆಫೀಸಿಗೆ ಹೋಗಿ ಬರುತ್ತಿದ್ದೆ.

ಮಹಡಿಯ ಮನೆಗೆ ಒಬ್ಬ ಬಾಡಿಗೆಗೆ ಬಂದ. ಟಿವಿ ಸೀರಿಯಲ್‌ಗಳ ಸೆಟ್ಟಿಗೆ ಸೋಫಾ, ಪರದೆ, ಹೂದಾನಿ ಹೊಂದಿಸಿಕೊಡುವುದು ಅವನ ಕೆಲಸ. ಒಂದು ಭಾನುವಾರ ಮೆಟ್ಟಿಲ ಹತ್ತಿರ ಅಪ್ಪನನ್ನು ತಡೆದು ನಿಲ್ಲಿಸಿ ಮುಖವನ್ನೇ ನೋಡಿದನಂತೆ. ಅಪ್ಪ ಒಳಗೆ ಬಂದು ಹೇಳಿದರು: "ನನ್ನ ಮುಖದಲ್ಲಿ ದೊಡ್ಡ ಮನುಷ್ಯನ ಕಳೆ ಇದೆಯಂತೆ. ಹೊಸಾ ಸೀರಿಯಲ್‌ಗೆ ಮಿಲ್ ಓನರ್ ಬೇಕಂತೆ. ಆಕ್ಟ್ ಮಾಡೋದೇನೂ ಇಲ್ಲ, ಬರೀ ಫೋಟೋ."

ವಯಸ್ಸಿನಲ್ಲಿ ಅಪ್ಪ ರಜಾ ದಿನಗಳಂದು ಕೋಡಂಬಾಕ್ಕಂಗೆ ಹೋಗಿ, ಕನ್ನಡ ಪಿಕ್ಚರಿನ ಶೂಟಿಂಗ್ ನಡೆಯುತ್ತಿದ್ದರೆ ಸ್ಟುಡಿಯೋ ಗೇಟಿನ ಹೊರಗೆ ನಿಂತು ಬರುತ್ತಿದ್ದರಂತೆ. ಒಂದು ಸಲವೂ ಒಳಗೆ ಬಿಟ್ಟಿರಲಿಲ್ಲ. ಈಗ ಕಾರು ಕಳಿಸಿ ಕರೆಸಿಕೊಂಡರು. ರೇಷ್ಮೆ ಶಲ್ಯ, ಚಿನ್ನದ ಕಟ್ಟಿನ ಕನ್ನಡಕ, ಬೆರಳಿಗೆ ಉಂಗುರಗಳು. ಫೋನಿನಲ್ಲಿ ಆ ಚಿತ್ರವನ್ನು ತೋರಿಸಿದಾಗ ಅಮ್ಮ ನಾಚಿಕೊಂಡಳು. "ನಮ್ಮ ಮದುವೆಯಲ್ಲೂ ನೀವು ಹೀಗಿರಲಿಲ್ಲವಲ್ರೀ" ಅಂದಳು.

ಮೊದಲ ಕಂತಿನ ದಿನ ಮೂವರೂ ಟಿವಿ ಮುಂದೆ ಕೂತೆವು. ಬಂಗಲೆಯ ಹಜಾರ, ಗೋಡೆಯ ತುಂಬ ಅಪ್ಪನ ಪಟ. ಪಟಕ್ಕೆ ಗಂಧದ ಹಾರ, ಕೆಳಗೆ ದೀಪ. ಬಿಳಿ ಸೀರೆಯ ಹೆಂಗಸೊಬ್ಬಳು ಅದರ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಅಮ್ಮ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು ಹೋಗಿ ಟಿವಿ ಆರಿಸಿದಳು. "ಏನ್ರೀ ಇದು? ಬದುಕಿರೋ ಮನುಷ್ಯನ ಪಟಕ್ಕೆ ಮಾಲೆ ಹಾಕಿದಾರೆ. ನೀವು ಕೈಯಾರೆ ಕೊಟ್ಟು ಬಂದಿದೀರಾ!"

"ಸತ್ತ ಅಂತ ಸುಳ್ಳು ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚಾಗತ್ತೆ ಅಂತಾರೆ ಕಣೇ" ಎಂದು ಅಪ್ಪ ನಕ್ಕರು. ಆದರೆ ಅವರಿಗೂ ಪೂರ್ತಿ ವಿಷಯವನ್ನು ಯಾರೂ ಹೇಳಿರಲಿಲ್ಲ ಎಂದು ಆ ನಗುವಿನಲ್ಲೇ ನನಗೆ ಗೊತ್ತಾಯಿತು.

ಸೀರಿಯಲ್ ಓಡಿತು. ಪೆರಂಬೂರು ಮಾರ್ಕೆಟ್ಟಿನಲ್ಲಿ ಹೆಂಗಸರು ಅಪ್ಪನನ್ನು ಗುರುತು ಹಿಡಿಯತೊಡಗಿದರು. ಸೊಪ್ಪು ಮಾರುವ ಮುದುಕಿಯೊಬ್ಬಳು, "ನಿನ್ನ ಚಿಕ್ಕ ಮಗ ಆಸ್ತಿಯೆಲ್ಲಾ ನುಂಗ್ತಾ ಇದಾನೆ, ನೀನು ಸುಮ್ಮನೆ ನೋಡ್ಕೊಂಡು ನಗ್ತಾ ಇದೀಯಲ್ಲಾ!" ಎಂದು ತಮಿಳಿನಲ್ಲಿ ಜಗಳಕ್ಕೇ ಬಂದಳಂತೆ. ಅಪ್ಪ ಹಾಲು ತರಲು ಹೋಗುವಾಗಲೂ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕತೊಡಗಿದರು. ಯಾರಾದರೂ ಸೆಲ್ಫಿ ಕೇಳಿದರೆ ಪಟದಲ್ಲಿದ್ದ ಹಾಗೆಯೇ ಗದ್ದವನ್ನು ಸ್ವಲ್ಪ ಎತ್ತಿ ನಿಲ್ಲುತ್ತಿದ್ದರು. ಜೀವಮಾನದಲ್ಲಿ ಯಾರೂ ಅವರನ್ನು ಇಷ್ಟು ಹೊತ್ತು ನೋಡಿರಲಿಲ್ಲ. ನನಗೆ ಒಮ್ಮೊಮ್ಮೆ ಸಂತೋಷವಾಗುತ್ತಿತ್ತು, ಒಮ್ಮೊಮ್ಮೆ ನೋಡಲಾರದೆ ಮುಖ ತಿರುಗಿಸುತ್ತಿದ್ದೆ. ಅಮ್ಮ ಮಾತ್ರ ಸಂಜೆ ಟಿವಿ ಹಾಕುವ ಹೊತ್ತಿಗೆ ಅಡುಗೆಮನೆ ಸೇರಿಬಿಡುತ್ತಿದ್ದಳು. ಅಲ್ಲಿಂದ ಪಾತ್ರೆಯ ಸದ್ದು ಬರುತ್ತಿರಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದಾಳೆ ಎಂದು ನಮಗೆ ಗೊತ್ತಿತ್ತು.

ಮುಂದಿನ ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಶ್ವಾಸಕೋಶದಲ್ಲಿ ಗೆಡ್ಡೆ, ಆಗಲೇ ಹರಡಿತ್ತು. ಮನೆಗೆ ಬಂದು ಹೇಳಿದ ಮೇಲೆ ಅಮ್ಮ ಅಳಲಿಲ್ಲ. "ಆ ಪಟ ಇಳಿಸಬೇಕು" ಅಂದಳು.

"ಬೀಡಿ ಸೇದಿದ್ದು ನಾನು ಕಣೇ. ಪಟ ಸೇದಿತ್ತಾ?" ಎಂದರು ಅಪ್ಪ.

ಮಹಡಿಯವನನ್ನು ಕೇಳಿದೆ. ಒಳ್ಳೆಯವನೇ, ಪಾಪ, ತಲೆ ತಗ್ಗಿಸಿಕೊಂಡ. ಸೀರಿಯಲ್ಲಿನಲ್ಲಿ ಮನೆಯ ಸೊಸೆ ದಿನಾ ಆ ಪಟದ ಮುಂದೆಯೇ ಶಪಥ ಮಾಡುತ್ತಾಳೆ, ನಡುವೆ ಮುಖ ಬದಲಾದರೆ ನೋಡುವವರು ಒಪ್ಪುವುದಿಲ್ಲ, ಅದು ತನ್ನ ಕೈಯಲ್ಲಿಲ್ಲ ಎಂದ. "ಹಾಗಾದರೆ ನನ್ನನ್ನೇ ಅಲ್ಲಿಗೆ ಕರೆದುಕೊಂಡು ಹೋಗು" ಎಂದು ಅಮ್ಮ ಅವನಿಗೇ ಹೇಳಿದಳು.

ಕೋಡಂಬಾಕ್ಕಂ ದಾಟಿ ಒಂದು ಗಲ್ಲಿಯಲ್ಲಿ ಆ ಸೆಟ್ಟಿತ್ತು. ಒಳಗೆ ಕಾಲಿಟ್ಟಾಗ ಬಂಗಲೆಗೆ ಚಾವಣಿ ಇಲ್ಲದ್ದು ಕಂಡಿತು, ಗೋಡೆಗಳೆಲ್ಲ ಪ್ಲೈವುಡ್ಡು. ಅಪ್ಪ ಮಾತ್ರ ಟಿವಿಯಲ್ಲಿ ಕಂಡದ್ದಕ್ಕಿಂತ ದೊಡ್ಡದಾಗಿ ಕಂಡರು. ಅಮ್ಮ ಅವರ ಕೆಳಗೆ ನಿಂತು ತಲೆಯೆತ್ತಿ ನೋಡಿದಳು. ಊಟದ ಬಿಡುವು. ಮೂಲೆಯಲ್ಲಿ ಬಿಳಿ ಸೀರೆಯ ನಟಿ, ಸೀರಿಯಲ್ಲಿನಲ್ಲಿ ಅಪ್ಪನ ಹೆಂಡತಿ, ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದಳು. ಅಮ್ಮ ನನ್ನೊಡನೆ ಆಡಿದ ಮಾತು ಕೇಳಿಸಿ ಎದ್ದು ಬಂದಳು.

"ಅಯ್ಯೋ, ಕನ್ನಡದವರಾ? ನಮ್ಮದು ಹಾಸನದ ಕಡೆ. ಇವರು ನಿಮಗೆ ಏನಾಗಬೇಕಮ್ಮಾ?"

"ಯಜಮಾನರು" ಎಂದಳು ಅಮ್ಮ.

ನಟಿಯ ಮುಖ ಇಳಿದುಹೋಯಿತು. "ಇದ್ದಾರಾ?"

"ಇದ್ದಾರೆ. ಮಲಗಿದ್ದಾರೆ."

ಅವಳು ಎಡಗೈಯಿಂದ ಪ್ಲಾಸ್ಟಿಕ್ ಕುರ್ಚಿ ಎಳೆದು ಅಮ್ಮನನ್ನು ಕೂರಿಸಿದಳು. "ನನಗೆ ಯಾರೂ ಹೇಳಿರಲಿಲ್ಲಮ್ಮಾ. ಎಲ್ಲೋ ಹಳೇ ಫೋಟೋ ತಂದಿದಾರೆ ಅಂದ್ಕೊಂಡಿದ್ದೆ. ಒಳ್ಳೇ ಮುಖ. ದಿನಾ ನೋಡಿ ನೋಡಿ, ಏನಾದರೂ ಹೇಳ್ಕೋಬೇಕು ಅನ್ನಿಸತ್ತೆ."

"ಪಟ ಇರಲಿ. ಆ ಮಾಲೆ ಒಂದನ್ನ ತೆಗೆಯೋಕಾಗತ್ತಾ?"

ನಟಿ ಕೈ ತೊಳೆದುಕೊಂಡು ಬಂದು, ಸ್ಟೂಲು ಹತ್ತಿ, ಹಾರವನ್ನು ತಾನೇ ಬಿಚ್ಚಿದಳು. ಮ್ಯಾನೇಜರ್ ದೂರದಿಂದ ಕೂಗಿದ. "ಶಾಟಿಗೆ ಹಾಕೋಣ ಸಾರ್, ಮುಗಿದ ಮೇಲೆ ನಾನೇ ತೆಗೀತೀನಿ" ಎಂದು ಅವಳು ಅವನಿಗೆ ತಮಿಳಿನಲ್ಲಿ ಉತ್ತರ ಕೊಟ್ಟು, ಅಮ್ಮನ ಕಡೆ ತಿರುಗಿ, "ಅಷ್ಟು ಮಾತ್ರ ಆಗತ್ತಮ್ಮಾ" ಎಂದಳು.

ಆಮೇಲಿನ ದಿನಗಳಲ್ಲಿ ಅಮ್ಮ ಸೀರಿಯಲ್ ಮುಗಿದ ಕೂಡಲೇ ಗಡಿಯಾರ ನೋಡಿ, "ಈಗ ತೆಗೆದಿರ್ತಾಳೆ" ಅನ್ನುತ್ತಿದ್ದಳು. ಆ ಕಂತಿನ ಶೂಟಿಂಗ್ ಎಷ್ಟೋ ದಿನ ಮೊದಲೇ ಮುಗಿದಿರುತ್ತದೆ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ.

ಪೊಂಗಲ್ ಆದ ಮೇಲೆ ಅಪ್ಪ ತೀರಿಕೊಂಡರು, ಮಧ್ಯಾಹ್ನ, ಅಮ್ಮ ಗಂಜಿ ಆರಿಸುತ್ತಿದ್ದಾಗ. ಬೀದಿಯ ತುಂಬ ಜನ ಸೇರಿದರು. ಅರ್ಧ ಜನ ನಮಗೆ ಗೊತ್ತೇ ಇಲ್ಲದವರು. ಚಟ್ಟದ ಹತ್ತಿರ ಬಂದು, ಫೋನು ಎತ್ತಿ ಹಿಡಿದು, "ಅವರೇ, ಅವರೇ" ಎಂದು ಪಿಸುಗುಟ್ಟುತ್ತಿದ್ದರು. ಸಂಜೆಯೊಳಗೆ ಚಿತ್ರ ಎಲ್ಲ ಕಡೆ ಹರಿದಾಡಿತು. "ಇವರು ಆಗಲೇ ಸತ್ತಿದ್ದರಲ್ಲವಾ?" ಎಂದು ಯಾರೋ ಕೆಳಗೆ ಬರೆದಿದ್ದರು. ಅದಕ್ಕೆ ನಗುವ ಮುಖಗಳು ಬಿದ್ದಿದ್ದವು. ನಾನು ಫೋನು ಮಗುಚಿಟ್ಟೆ.

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಮಹಡಿಯವನು ಬಾಗಿಲಿಗೆ ಬಂದ. ಜೊತೆಗೆ ಬೆಡ್‌ಶೀಟಿನಲ್ಲಿ ಸುತ್ತಿದ ದೊಡ್ಡ ಪಟ. ನಿಜವಾಗಿಯೂ ಸತ್ತವರ ಪಟ ಸೆಟ್ಟಿನಲ್ಲಿದ್ದರೆ ಅಪಶಕುನವೆಂದು ಪ್ರೊಡ್ಯೂಸರ್ ಹೆದರಿದ್ದರಂತೆ. ನೋಡುವವರು ಒಪ್ಪುತ್ತಾರೋ ಇಲ್ಲವೋ, ಮುಖ ಬದಲಾಯಿಸಲೇಬೇಕು ಎಂದರಂತೆ. ಅಮ್ಮ ಹೋಗಿ ಕೇಳಿದಾಗಲೂ ಜಗ್ಗದಿದ್ದ ಆ ಹಟ ಒಂದೇ ದಿನದಲ್ಲಿ ಕರಗಿತ್ತು. ನಮ್ಮ ಯಾವ ಗೋಡೆಯೂ ಆ ಪಟಕ್ಕೆ ಸಾಲುತ್ತಿರಲಿಲ್ಲ. ಬೀರುವಿನ ಹಿಂದೆ ನಿಲ್ಲಿಸಿದೆ.

ಅಂದು ಸಂಜೆ ಅಮ್ಮ ತಾನಾಗಿಯೇ ಟಿವಿ ಹಾಕಿದಳು. ಅದೇ ಹಜಾರ, ಅದೇ ದೀಪ. ಗೋಡೆಯ ಮೇಲೆ ದಪ್ಪ ಮೀಸೆಯ ಬೇರೊಬ್ಬ ನಗುತ್ತಿದ್ದ. ಬಂಗಲೆಯಲ್ಲಿ ಯಾರಿಗೂ ಅದು ಗೊತ್ತಾದಂತೆ ಕಾಣಲಿಲ್ಲ. ಹಾಸನದ ಕಡೆಯವಳು ಅವನ ಮುಂದೆ ನಿಂತು ಎಂದಿನಂತೆ ಅತ್ತಳು.

ಅಮ್ಮ ತುಂಬ ಹೊತ್ತು ನೋಡಿದಳು. "ಯಾರೋ ಪಾಪ" ಅಂದಳು. "ಬದುಕಿದಾನೋ ಏನೋ. ಅವನ ಹೆಂಡತಿಗೆ ಗೊತ್ತಿದೆಯಾ, ಮೇಲಿನವನನ್ನ ಕೇಳು."

ಕೇಳಿದೆ. ಯಾವುದೋ ಏಜೆಂಟ್ ಕಳಿಸಿದ ಫೋಟೋ, ಆ ಮನುಷ್ಯ ಎಲ್ಲಿಯವನೋ ತನಗೆ ತಿಳಿಯದು ಎಂದ. ಅಮ್ಮನಿಗೆ ಹಾಗೇ ಹೇಳಿದೆ. ಅವಳು ತಲೆಯಾಡಿಸಿ, ಒಣಗಿದ ಬಟ್ಟೆ ಮಡಿಸಲು ಕೂತಳು.